ನೈಟ್ರಿಕ್ ಆಕ್ಸೈಡ್ ಕಡಿಮೆ ಇದ್ದರೆ ಆಸ್ತಮಾ ಇಲ್ಲ ಅಂತಲ್ಲ

ಊದಿಸಿ ಉಸಿರಿನಲ್ಲಿರುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಅಳೆಯುವ ಪರೀಕ್ಷೆಯಲ್ಲಿ 25 ಪಿಪಿಬಿಗಿಂತ (ನೂರು ಕೋಟಿ ಭಾಗದಲ್ಲಿ ಎಷ್ಟು ಭಾಗ ಎಂಬ ಲೆಕ್ಕ) ಕಡಿಮೆ ಬಂದರೆ ಆಸ್ತಮಾ ಇಲ್ಲ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ದಯವಿಟ್ಟು ಆ ಸಾಲು ತಿದ್ದಿ. ಆ ಪರೀಕ್ಷೆ ತೋರಿಸುವುದು ಮುಖ್ಯವಾಗಿ ಅಲರ್ಜಿ ಥರದ ಉರಿಯೂತವನ್ನು. ಆಗ ಶ್ವಾಸನಾಳದ ಒಳಪದರದ ಜೀವಕೋಶಗಳು ಈ ಅನಿಲವನ್ನು ಜಾಸ್ತಿ ತಯಾರಿಸುತ್ತವೆ, ದೊಡ್ಡವರಲ್ಲಿ 50 ದಾಟಿದರೆ ಸ್ಟೀರಾಯ್ಡ್ ಇನ್‌ಹೇಲರ್ ಚೆನ್ನಾಗಿ ಕೆಲಸ ಮಾಡುವ ಸಾಧ್ಯತೆ ಹೆಚ್ಚು, ಅಲ್ಲಿಯವರೆಗೆ ನಿಮ್ಮ ಮಾತು ಸರಿ. ಆದರೆ ಎಲ್ಲರ ಆಸ್ತಮಾ ಅದೇ ಥರದ್ದಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಈ ಅಂಕಿ ತಾನಾಗಿಯೇ ಇಳಿಯುತ್ತದೆ. ಸ್ಟೀರಾಯ್ಡ್ ಇನ್‌ಹೇಲರ್ ಎಳೆಯುತ್ತಿದ್ದರೂ ಇಳಿಯುತ್ತದೆ, ಔಷಧಿ ಕೆಲಸ ಮಾಡಿದ್ದಕ್ಕೇ ಅಲ್ವಾ ಅದು ಇಳಿದಿದ್ದು?

ನಮ್ಮಮ್ಮನಿಗೆ ಆಗಿದ್ದು ಇದೇ. ನಮ್ಮದು ಮೂಡಿಗೆರೆ ಕಡೆ. ಕಣದಲ್ಲಿ ಕಾಫಿ ಒಣಗಿಸುವ ಹೊತ್ತಿಗೆ ಅವರಿಗೆ ದಮ್ಮು ಶುರುವಾಗುತ್ತದೆ. ಎರಡು ತಿಂಗಳು ಇನ್‌ಹೇಲರ್ ಎಳೆದ ಮೇಲೆ ಪರೀಕ್ಷೆ ಮಾಡಿಸಿದೆವು, 18 ಬಂತು. ಅಲ್ಲಿದ್ದವರು "ನಿಮಗೆ ಆಸ್ತಮಾನೇ ಇಲ್ಲ" ಅಂದರು. ಅಮ್ಮ ಇನ್‌ಹೇಲರ್ ಡಬ್ಬದಲ್ಲಿಟ್ಟರು. ಮೂರೇ ವಾರ, ಒಂದು ರಾತ್ರಿ ಕಿಟಕಿಯ ಸರಳು ಹಿಡಿದು ಕೂತಿದ್ದರು, ಒಂದು ಮಾತು ಮುಗಿಸಲು ಎರಡು ಸಲ ಉಸಿರು ಬೇಕಾಗಿತ್ತು. ಆಮೇಲೆ ಹಾಸನದಲ್ಲಿ ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುವ ಪರೀಕ್ಷೆ) ಮಾಡಿದ ಡಾಕ್ಟರು, ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಡುವ ಮುಂಚೆ ಒಮ್ಮೆ, ಕೊಟ್ಟ ಮೇಲೆ ಒಮ್ಮೆ ಊದಿಸಿ, ವ್ಯತ್ಯಾಸ ತೋರಿಸಿ ಆಸ್ತಮಾ ಎಂದೇ ಹೇಳಿದರು.

ಪರೀಕ್ಷೆ ಬೇಡ ಅಂತಿಲ್ಲ. ಸುಮ್ನೆ ಒಂದು ಅಂಕಿ ನೋಡಿ ಇನ್‌ಹೇಲರ್ ಬಿಡಬೇಡಿ ಎಂಬ ಮಾತು ನಿಮ್ಮ ಲೇಖನದಲ್ಲಿ ಇರಲೇಬೇಕಿತ್ತು.