ಬಸಿದ ನೀರು ಚೆಲ್ಲಬೇಡಿ

ನಾವು ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು 11 ವರ್ಷವಾಯಿತು. ಆದರೆ ತಿಂಗಳ ಕೊನೆಯ ವಾರ ಅಂದರೇನು ಅಂತ ಸರಿಯಾಗಿ ಗೊತ್ತಾಗಿದ್ದು 2023ರಲ್ಲಿ. ಆ ಮಾರ್ಚ್‌ನಲ್ಲಿ ಬ್ರಿಟನ್ನಿನ ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ಶೇ 19ಕ್ಕೂ ಜಾಸ್ತಿ ಏರಿತ್ತು. ಅದೇ ಹೊತ್ತಿಗೆ ಹೆಂಡತಿಯ ಕೆಲಸದ ಗಂಟೆಗಳು ಕಡಿಮೆಯಾದವು. ಬಾಡಿಗೆ, ಕರೆಂಟು, ಗ್ಯಾಸು ಕಟ್ಟಿದ ಮೇಲೆ ಕೊನೆಯ ಹತ್ತು ದಿನದ ಊಟಕ್ಕೆ ಉಳಿದದ್ದು 40 ಪೌಂಡು. ಉಣ್ಣುವವರು ನಾಲ್ಕು ಜನ.

ಜೊತೆಯಲ್ಲಿ ಕೆಲಸ ಮಾಡುವ ಇಂಗ್ಲಿಷರನ್ನು ಕೇಳಿದೆ. ಎಲ್ಲರೂ ಎರಡು ಉಪಾಯ ಹೇಳಿದರು. ವಾರದ ಊಟವನ್ನು ಮೊದಲೇ ಬರೆದಿಟ್ಟುಕೊಂಡು ಅಷ್ಟೇ ಸಾಮಾನು ತರುವುದು. ಇಲ್ಲವಾದರೆ ಸಂಜೆ ಅಂಗಡಿಗೆ ಹೋಗಿ, ಅವಧಿ ಮುಗಿಯಲು ಬಂದ ಪೊಟ್ಟಣಗಳಿಗೆ ಹಳದಿ ಚೀಟಿ ಅಂಟಿಸಿ ಬೆಲೆ ಇಳಿಸುವ ತನಕ ಕಾಯುವುದು. ನಾನೂ ಎರಡು ವಾರ ಕಾದೆ. ಮೂರು ಪೊಟ್ಟಣ ಅಣಬೆ, ಎಂಟು ಕ್ರೊಸಾಂಟ್, ಒಂದು ದೊಡ್ಡ ಡಬ್ಬಿ ಹುಳಿ ಕೆನೆ ತಂದೆ. ಎಲ್ಲ ಅಗ್ಗ, ನಿಜ. ಆದರೆ ಯಾವುದೂ ಬೇಕಿರಲಿಲ್ಲ. ಅಗ್ಗ ಅಂತ ತಂದದ್ದಕ್ಕೂ ದುಡ್ಡು ಕೊಟ್ಟಿರುತ್ತೇವೆ, ಅಲ್ವಾ?

ಆಗ ಹೊಳೆಯಿತು. ಇಲ್ಲಿಯವರ ಉಳಿತಾಯ ಶುರುವಾಗುವುದು ಅಂಗಡಿಯಲ್ಲಿ. ಹಾಸನದಲ್ಲಿ ನಮ್ಮಮ್ಮನದು ಶುರುವಾಗುತ್ತಿದ್ದುದು ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡುವುದರಿಂದ. ಏನು ಮಾಡಬೇಕು ಅಂತ ಮೊದಲು ಯೋಚಿಸಿ ಆಮೇಲೆ ಸಾಮಾನು ತರುವ ಪದ್ಧತಿಯೇ ಅವಳಿಗಿರಲಿಲ್ಲ.

ನಮ್ಮ ಕಪಾಟನ್ನೂ ಹಾಗೇ ನೋಡಿದೆ. ಅರ್ಧ ಮೂಟೆ ಸೋನಾ ಮಸೂರಿ, ರಾಗಿಹಿಟ್ಟು, ತೊಗರಿಬೇಳೆ, ಊರಿಂದ ತಂದು ಮರೆತಿದ್ದ ಎರಡು ಕೆಜಿ ಹುರಳಿಕಾಳು, ಅವಲಕ್ಕಿ, ಹುಣಸೆಹಣ್ಣು, ಒಣಕೊಬ್ಬರಿ, ಅಮ್ಮ ಕಳಿಸಿದ್ದ ಸಾರಿನ ಪುಡಿ. ಫ್ರಿಜ್ಜಿನಲ್ಲಿ ಅರ್ಧ ಎಲೆಕೋಸು. ಬುಟ್ಟಿಯಲ್ಲಿ ಮೊಳಕೆ ಬಂದ ಈರುಳ್ಳಿ. ಹತ್ತು ದಿನ ಅಲ್ಲ, ಇಪ್ಪತ್ತು ದಿನ ಉಣ್ಣಬಹುದಿತ್ತು. ನಾವು ಬಡವರಾಗಿರಲಿಲ್ಲ, ಕಪಾಟು ನೋಡಿರಲಿಲ್ಲ ಅಷ್ಟೇ.

ಮೊದಲು ಮಾಡಿದ್ದು ಬಸ್ಸಾರು. ಹುರಳಿಕಾಳನ್ನು ರಾತ್ರಿ ನೆನೆಸಿ, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿದೆ. ಆ ನೀರಿಗೇ ಎಲೆಕೋಸಿನ ಹೊರಗಿನ ದಪ್ಪ ಎಲೆ ಹೆಚ್ಚಿ ಹಾಕಿ, ಉಪ್ಪು ಹಾಕಿ ಇನ್ನೊಂದು ಕುದಿ ಕೊಟ್ಟೆ. ಜರಡಿ ಇಟ್ಟು ಬಸಿದರೆ ಕೆಳಗೆ ಕಂದು ಬಣ್ಣದ ಗಟ್ಟಿ ನೀರು. ಈರುಳ್ಳಿ, ಬೆಳ್ಳುಳ್ಳಿ ಸುಟ್ಟುಕೊಂಡು, ಕೊಬ್ಬರಿ, ಸಾರಿನ ಪುಡಿ, ಹುಣಸೆಹಣ್ಣು, ಜೊತೆಗೆ ಬೆಂದ ಕಾಳು ಒಂದು ಹಿಡಿ ಸೇರಿಸಿ ರುಬ್ಬಿ ಆ ನೀರಿಗೆ ಹಾಕಿ ಕುದಿಸಿದರೆ ಸಾರು. ಜರಡಿಯಲ್ಲಿ ಉಳಿದದ್ದಕ್ಕೆ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಪಾತ್ರೆಯಲ್ಲಿ ಬೆಂದದ್ದು ಎರಡು ಅಡುಗೆಯಾಯಿತು. ಮಾರನೇ ದಿನ ಸಾರು ಇನ್ನೂ ರುಚಿ. ಮೂರನೇ ದಿನಕ್ಕೆ ಉಳಿಯುವುದಿಲ್ಲ ಬಿಡಿ.

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ನಾನು ಬಸಿಯುವುದನ್ನು ಒಂದು ದಿನ ನೋಡಿದರು. 'ನಮ್ಮಮ್ಮನೂ ಎಲೆಕೋಸಿನ ನೀರು ಚೆಲ್ಲುತ್ತಿರಲಿಲ್ಲ, ಗ್ರೇವಿಗೆ ಹಾಕುತ್ತಿದ್ದಳು' ಅಂದರು. ಅವರ ಬಾಲ್ಯವೆಲ್ಲ ರೇಷನ್ ಕಾಲ, ಅಂದರೆ ಒಬ್ಬರಿಗೆ ಇಷ್ಟೇ ಅಂತ ಸರ್ಕಾರ ಮಿತಿ ಹಾಕಿದ್ದ ಕಾಲ. ಇಲ್ಲಿ ರೇಷನ್ ಶುರುವಾಗಿದ್ದು 1940ರ ಜನವರಿಯಲ್ಲಿ, ಪೂರ್ತಿ ನಿಂತಿದ್ದು 1954ರ ಜುಲೈನಲ್ಲಿ. ವಿಚಿತ್ರ ಅಂದರೆ, ಎರಡನೇ ಮಹಾಯುದ್ಧ ನಡೆಯುವಾಗ ಬ್ರೆಡ್ಡಿಗೆ ರೇಷನ್ ಇರಲಿಲ್ಲ. ಯುದ್ಧ ಮುಗಿದ ಮೇಲೆ, 1946ರಿಂದ 1948ರವರೆಗೆ ಬಂತು. ಭಾನುವಾರ ಉಳಿದ ಆಲೂಗಡ್ಡೆ, ಎಲೆಕೋಸನ್ನು ಸೋಮವಾರ ಹಿಸುಕಿ, ಕಾವಲಿಯಲ್ಲಿ ಕೆಂಪಗೆ ಹುರಿಯುವ 'ಬಬಲ್ ಅಂಡ್ ಸ್ಕ್ವೀಕ್' ನನಗೆ ಕಲಿಸಿದ್ದು ಆ ಅಜ್ಜಿಯೇ. ಒಂದು ಹಸಿಮೆಣಸಿನಕಾಯಿ ಹೆಚ್ಚಿ ಹಾಕಿದರೆ ನಮ್ಮದೇ ತಿಂಡಿ. ಅಂದರೆ ಈ ವಿದ್ಯೆ ಇವರಿಗೂ ಗೊತ್ತಿತ್ತು. ಅವರ ಮೊಮ್ಮಕ್ಕಳು ಮರೆತರು, ನಾವು ಮರೆಯುತ್ತಾ ಇದ್ದೇವೆ.

ನಮ್ಮವರ ತಪ್ಪೂ ಹೇಳಬೇಕು. ಅಡುಗೆ ಮನೆಯಲ್ಲಿ ಊರನ್ನು ಉಳಿಸಿಕೊಳ್ಳುವುದು ಅಂದರೆ ವಿಮಾನದಲ್ಲಿ ಬಂದ ತೊಂಡೆಕಾಯಿ, ಹೀರೇಕಾಯಿ ಕೊಳ್ಳುವುದು ಅಂತ ತಿಳಿದಿದ್ದೇವೆ. ನಾನೂ ವರ್ಷಗಟ್ಟಲೆ ಕೊಂಡಿದ್ದೇನೆ. ಊರಿನ ರುಚಿ ಇರುವುದು ಒಗ್ಗರಣೆಯಲ್ಲಿ, ಪುಡಿಯಲ್ಲಿ, ಹುಳಿಯಲ್ಲಿ. ತರಕಾರಿ ಇಲ್ಲಿಯದೇ ಆದರೆ ಏನು ಹೋಯಿತು? 2023ರ ಫೆಬ್ರವರಿಯಲ್ಲಿ ಸ್ಪೇನ್, ಮೊರಾಕ್ಕೊದಿಂದ ಬರುವ ಟೊಮೇಟೊ ಕಡಿಮೆಯಾಗಿ, ಕೆಲವು ದೊಡ್ಡ ಅಂಗಡಿಗಳು ಒಬ್ಬರಿಗೆ ಮೂರೇ ಪೊಟ್ಟಣ ಅಂತ ಬೋರ್ಡು ಹಾಕಿದವು. ಆಗಿನ ಪರಿಸರ, ಆಹಾರ ಮಂತ್ರಿ ತೆರೇಸ್ ಕಾಫಿ ಸಂಸತ್ತಿನಲ್ಲಿ ಟರ್ನಿಪ್ ಗಡ್ಡೆಯಂಥ ಆ ಋತುವಿನ ತರಕಾರಿಯ ಮಾತೆತ್ತಿದರು. ದೇಶವೆಲ್ಲ ನಕ್ಕಿತು. ನಾನು ಸುಮ್ನೆ ಎರಡು ಟರ್ನಿಪ್ ತಂದು, ನವಿಲುಕೋಸಿನ ಹುಳಿ ಮಾಡುವ ಹಾಗೇ ಮಾಡಿದೆ. ಸ್ವಲ್ಪ ಕಹಿ ಇತ್ತು. ಒಂದು ಚೂರು ಬೆಲ್ಲ ಹಾಕಿದೆ. ಟೊಮೇಟೊ ಇಲ್ಲದಿದ್ದರೆ ಹುಣಸೆಹಣ್ಣು ಎಲ್ಲಿ ಹೋಗಿತ್ತು?

ಹಾಗಂತ ಅಮ್ಮನ ಪದ್ಧತಿಯೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ತಂಗಳು ಅಂದರೆ ನಮ್ಮಲ್ಲಿ ಒಂಥರಾ ಕೀಳು. ಇಲ್ಲಿಯವರು ನಾಚಿಕೆಯಿಲ್ಲದೆ ಎಲ್ಲವನ್ನೂ ಡಬ್ಬಿಗೆ ಹಾಕಿ, ತಾರೀಕು ಬರೆದು ಫ್ರೀಜರಿಗೆ ತಳ್ಳುತ್ತಾರೆ. ಅದನ್ನು ಕಲಿತೆ. ಉಳಿದ ಅನ್ನವನ್ನು ರಾತ್ರಿಯಿಡೀ ಒಲೆಯ ಪಕ್ಕ ಬಿಡುವ ಅಭ್ಯಾಸವನ್ನೂ ಬಿಟ್ಟೆ. ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗಿಡಿ, ಒಂದೇ ದಿನದಲ್ಲಿ ತಿನ್ನಿ ಅನ್ನುತ್ತದೆ ಇಲ್ಲಿಯ ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆ. ಬೆಳಗ್ಗೆ ಚಿತ್ರಾನ್ನವಾಗಲು ಅಷ್ಟು ಹೊತ್ತು ಸಾಕು. ಅದಕ್ಕೆ ಬದಲಾಗಿ ಅವರು ನಮ್ಮಿಂದ ಕುಕ್ಕರ್ ಕಲಿಯಬೇಕು. ಆಲೂಗಡ್ಡೆಗೆ ಒಂದೂವರೆ ಗಂಟೆ ಓವನ್ ಉರಿಸಿದರೆ ಉಳಿಸಿದ ದುಡ್ಡೆಲ್ಲ ಕರೆಂಟು ಬಿಲ್ಲಿಗೆ.

ಇನ್ನೊಂದು ಮಾತು ಗಂಡಸಾಗಿ ನನಗೆ ಚುಚ್ಚುತ್ತದೆ. ಅಮ್ಮನ ಅಡುಗೆ ಅಗ್ಗ ಅಂತ ಇಷ್ಟು ದಿನ ಹೊಗಳುತ್ತಿದ್ದೆನಲ್ಲ, ಬಸ್ಸಾರು ನಾನೇ ಮಾಡಿದಾಗ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಅದೂ ಮಿಕ್ಸಿ ಇಟ್ಟುಕೊಂಡು. ಅವಳಿಗೆ ಒರಳು ಕಲ್ಲು. ಆ ಗಂಟೆಗಳನ್ನು ನಮ್ಮ ಮನೆಯಲ್ಲಿ ಯಾರೂ ಲೆಕ್ಕ ಹಾಕಿರಲಿಲ್ಲ. ಈಗ ವಾರಕ್ಕೆ ಮೂರು ದಿನ ನನ್ನ ಸರದಿ.

ಪಕ್ಕದ ಅಜ್ಜಿ ಹೂಕೋಸು ತಂದಾಗ ಅದರ ಎಲೆಗಳನ್ನು ಚೀಲದಲ್ಲಿ ಹಾಕಿ ನಮ್ಮ ಬಾಗಿಲಿಗೆ ನೇತುಹಾಕಿ ಹೋಗುತ್ತಾರೆ. ಹೋದ ಗುರುವಾರವೂ ಬಂದಿತ್ತು. ಕಾಳು, ಎಲೆ ಬೇಯಿಸಿ, ಬಸಿದಿಟ್ಟು, ಫೋನ್ ಬಂತು ಅಂತ ಆಚೆ ಹೋದೆ. ಹನ್ನೆರಡು ವರ್ಷದ ಮಗಳು ಪಾತ್ರೆ ತೊಳೆಯಲು ಬಂದವಳು ಕೊಳಕು ನೀರು ಅಂದುಕೊಂಡು ಸಿಂಕಿಗೆ ಸುರಿದಳು. ನಾನು ಕೂಗಿದ ಸದ್ದಿಗೆ ಅಜ್ಜಿ ಗೋಡೆ ಬಡಿದು ಏನಾಯಿತು ಅಂತ ಕೇಳಿದರು. ಮುದ್ದೆ ಆಗಲೇ ಕಟ್ಟಿಯಾಗಿತ್ತು. ಪಲ್ಯ ನಂಚಿಕೊಂಡು, ಮಜ್ಜಿಗೆಯಲ್ಲಿ ಅದ್ದಿ ನುಂಗಿದೆವು.