ದೃಷ್ಟಿ ತೆಗೆದಿದ್ದಾಯ್ತು, ಈಗ ಒಂದು ಪತ್ರ ಬರೆಯೋಣ

ನನ್ನ ಮಗ ಎರಡನೇ ತರಗತಿಯಲ್ಲಿದ್ದಾಗ ಶಾಲೆಯಿಂದ ದಿನಾ ಒಂದು ದೂರು ಬರುತ್ತಿತ್ತು. ಕೂತಲ್ಲಿ ಕೂರುವುದಿಲ್ಲ, ಪಕ್ಕದವನ ಪೆನ್ಸಿಲ್ ಮುರಿದ, ಸಾಲಿನಲ್ಲಿ ತಳ್ಳಿದ. ನಾವಿರುವುದು ನ್ಯೂಜೆರ್ಸಿಯಲ್ಲಿ. ಊರಿಗೆ ಫೋನ್ ಮಾಡಿದರೆ ಅಮ್ಮ, "ನೀನೂ ಹೀಗೇ ಇದ್ದೆ ಕಣೋ, ದೃಷ್ಟಿ ತೆಗಿ, ಸರಿ ಹೋಗ್ತಾನೆ" ಅನ್ನುತ್ತಿದ್ದಳು. ನನಗೂ ಅದನ್ನೇ ನಂಬುವ ಆಸೆ. ಒಂದು ವರ್ಷ ಹಾಗೇ ಕಳೆದೆ. ಬೈದೆ, ಎರಡು ಸಲ ಹೊಡೆದೆ ಕೂಡ. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ದಾರಿ ತೋರಿಸಿದ್ದು ಅವನ ಟೀಚರ್. "ಮಗುವಿಗೆ ಏನು ತೊಂದರೆ ಅಂತ ಪರೀಕ್ಷೆ ಮಾಡಿ ಅಂತ ಶಾಲೆಗೆ ಒಂದು ಪತ್ರ ಬರೆದುಕೊಡಿ" ಎಂದರು. ಅಮೆರಿಕದಲ್ಲಿ ಇದಕ್ಕೆ 1975ರಿಂದಲೂ ಕಾನೂನಿದೆ. ಪತ್ರ ಕೊಟ್ಟ 20 ದಿನದೊಳಗೆ ನ್ಯೂಜೆರ್ಸಿಯ ಶಾಲೆ ನಮ್ಮನ್ನು ಕರೆದು ಮಾತಾಡಬೇಕು. ಪರೀಕ್ಷೆ ಬೇಕು ಅಂತಾದರೆ, ನಾವು ಒಪ್ಪಿ ಸಹಿ ಹಾಕಿದ 90 ದಿನದೊಳಗೆ ಅದನ್ನು ಮುಗಿಸಿ, ಮಗುವಿಗೆ ಬೇಕಾದ ಸಹಾಯವನ್ನೂ ಶುರು ಮಾಡಬೇಕು. ನಮ್ಮ ಕೈಯಿಂದ ದುಡ್ಡಿಲ್ಲ.

ಸೈಕಾಲಜಿಸ್ಟ್ ಬಂದು ತರಗತಿಯ ಮೂಲೆಯಲ್ಲಿ ಸುಮ್ನೆ ಕೂತು ನೋಡಿದರು. ಕಣ್ಣು, ಕಿವಿ ಸರಿ ಇವೆಯಾ ಅಂತ ನೋಡಿದ್ದರು. ನಮಗೂ ಟೀಚರಿಗೂ ಹೆಚ್ಚುಕಡಿಮೆ ಅದೇ ಪ್ರಶ್ನೆಗಳ ಎರಡು ಫಾರ್ಮ್ ಕೊಟ್ಟರು. ಯಾಕೆ ಅಂತ ಆಮೇಲೆ ತಿಳಿಯಿತು. ಮನೆಯಲ್ಲೂ ಶಾಲೆಯಲ್ಲೂ ಒಂದೇ ತರ ಇದ್ದಾನಾ? ಒಂದೇ ಕಡೆ ಗಲಾಟೆ ಅಂದರೆ ಕಾರಣವನ್ನು ಆ ಜಾಗದಲ್ಲೂ ಹುಡುಕಬೇಕು. ನಮ್ಮವನು ಎರಡೂ ಕಡೆ ಹಾಗೇ ಇದ್ದ. ಕೊನೆಗೆ ಡಾಕ್ಟರ್ ಎಡಿಎಚ್‌ಡಿ ಎಂದರು, ಅಂದರೆ ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ. ಹೆಂಡತಿ ಅತ್ತಳು. ನನಗೆ ಮಾತ್ರ ಎದೆ ಹಗುರಾಯಿತು. ಮಗು ಬೇಕಂತ ಮಾಡುತ್ತಿರಲಿಲ್ಲ, ಅಲ್ವಾ?

ಅದೇ ಹೊತ್ತಿಗೆ ದಾವಣಗೆರೆಯಲ್ಲಿ ಅಕ್ಕನ ಮಗನೂ ಹೊಡೆದಾಟಕ್ಕೆ ಇಳಿದಿದ್ದ. ಅವನ ಶಾಲೆ "ಬೇರೆ ಕಡೆ ಸೇರಿಸಿ" ಎಂದಿತು. ಡಾಕ್ಟರಿಗೆ ತೋರಿಸಿ ಅಂತ ಒಬ್ಬರೂ ಹೇಳಲಿಲ್ಲ. ಮದುವೆಗೆ ಹೋಗುತ್ತಿದ್ದೇವೆ ಅಂತ ಪಕ್ಕದ ಮನೆಯವರಿಗೆ ಹೇಳಿ ಅಕ್ಕ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದಳು. ಆ ಹೆಸರು ಕೇಳಿದರೆ ನಮ್ಮ ಜನ ಇನ್ನೂ ಹುಚ್ಚಾಸ್ಪತ್ರೆ ಅಂತಲೇ ತಿಳಿಯುತ್ತಾರೆ.

ಆದರೆ ಅಲ್ಲಿ ಅಕ್ಕ, ಭಾವ, ಜೊತೆಗೆ ಹೋಗಿದ್ದ ಅಮ್ಮ, ಎಲ್ಲರನ್ನೂ ಕೂರಿಸಿ ಕನ್ನಡದಲ್ಲೇ ಕೇಳಿದರು. ಹೆರಿಗೆ ಹೇಗಾಯಿತು, ಯಾವಾಗ ಮಾತಾಡಿದ, ಯಾರ ಹತ್ತಿರ ಮಲಗುತ್ತಾನೆ. ಹುಡುಗನಿಗೆ ಅಕ್ಷರ ಕೂಡಿಸಿ ಓದುವುದೇ ಕಷ್ಟ ಅಂತ ಗೊತ್ತಾಯಿತು. ಗಟ್ಟಿಯಾಗಿ ಓದುವ ಸರದಿ ಹತ್ತಿರ ಬಂದಾಗ ಪಕ್ಕದವನಿಗೆ ಹೊಡೆಯುತ್ತಿದ್ದ. ಹೊರಗೆ ನಿಲ್ಲಿಸುತ್ತಿದ್ದರು, ಓದುವುದು ತಪ್ಪುತ್ತಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇಂಥ ಕಲಿಕೆಯ ತೊಂದರೆಯೂ ಸೇರಿದೆ. ಅವನ ಶಾಲೆಯಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ.

ಹಾಗಾಗಿ ನಮ್ಮೂರಲ್ಲಿ ಕೊರತೆ ಇರುವುದು ಡಾಕ್ಟರಲ್ಲಿ ಅಂತ ನನಗೆ ಅನಿಸುವುದಿಲ್ಲ. ಅಮೆರಿಕದಲ್ಲಿ ನನ್ನ ಮಗನ ಅಜ್ಜಿಯನ್ನು ಯಾರೂ ಏನೂ ಕೇಳಲಿಲ್ಲ. ಮನೆಯಲ್ಲಿ ಅವನು ಕನ್ನಡದಲ್ಲಿ ಹೇಳುವ ಉದ್ದುದ್ದ ಕಥೆಗಳೂ ಯಾರ ಕಿವಿಗೂ ಬೀಳಲಿಲ್ಲ. ನಮ್ಮೂರಲ್ಲಿ ಕೊರತೆ ಇರುವುದು ಮೊದಲ ಹೆಜ್ಜೆಯಲ್ಲಿ. ಆ ಹೆಜ್ಜೆಯನ್ನು ಮನೆಯವರೇ, ಯಾರಿಗೂ ತಿಳಿಯದಂತೆ ಇಡಬೇಕು. ದಿನಕ್ಕೆ ಐದಾರು ಗಂಟೆ ಮಗುವನ್ನು ನೋಡುವ ಟೀಚರ್ ಒಂದು ಪುಟ ಬರೆದುಕೊಟ್ಟರೆ ಎಷ್ಟು ಅನುಕೂಲ! ಯಾವ ಪೀರಿಯಡ್‌ನಲ್ಲಿ ಗಲಾಟೆ, ಅದಕ್ಕೆ ಮೊದಲು ಏನಾಯಿತು, ಇಷ್ಟು ಸಾಕು. ಅಕ್ಕನಿಗೆ ಸಿಕ್ಕಿದ್ದು ಒಂದೇ ಸಾಲು: "ತುಂಬಾ ತುಂಟ." ಶಾಲೆಯೇ ಕೊಡಲಿ ಅಂತ ಕಾಯಬೇಡಿ, ಆ ಪುಟವನ್ನು ನೀವೇ ಕೇಳಿ ಬರೆಸಿಕೊಳ್ಳಿ. ಎಲ್ಲಿಗೆ ಹೋಗಬೇಕು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಉತ್ತರ ಕರ್ನಾಟಕದವರಿಗೆ ಧಾರವಾಡದಲ್ಲಿರುವ ಇಂಥದೇ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ.

ಅಕ್ಕ ಈಗ ನಿಮ್ಹಾನ್ಸ್‌ಗೆ ಅಂತ ಹೇಳಿಯೇ ಹೋಗುತ್ತಾಳೆ. ಮೊನ್ನೆ ಪಕ್ಕದ ಮನೆಯವರು ಗೇಟಿನ ಹತ್ತಿರ ನಿಲ್ಲಿಸಿ, ಬೆಳಿಗ್ಗೆ ಎಷ್ಟು ಗಂಟೆಗೆ ಚೀಟಿ ಮಾಡಿಸಬೇಕು ಅಂತ ಮೆಲ್ಲಗೆ ಕೇಳಿದರಂತೆ.