ನಂಬರ್ ಫೈವ್‌ನ ಕಷ್ಟವೆಲ್ಲ ಹಿಡಿಕೆಯಲ್ಲಿ

ಅಮೆರಿಕದ ಬಂದೂಕು ಬರಹಗಾರ ಎಲ್ಮರ್ ಕೀತ್ ಅವರ 'ನಂಬರ್ ಫೈವ್' ರಿವಾಲ್ವರ್ ಅನ್ನು ಮರುಸೃಷ್ಟಿಸುವ ಬಗ್ಗೆ ಓದಿದ ಲೇಖನವೊಂದರಲ್ಲಿ ಅದರ ಕೆತ್ತನೆ, ಹಿಡಿಕೆಯ ದಂತಕ್ಕೇ ಜಾಗವೆಲ್ಲ ಹೋಗಿದೆ. ನಿಜವಾದ ಕಸುಬು ಹಿಡಿಕೆಯ ಚೌಕಟ್ಟಿನದು. ಕೋಲ್ಟ್ ಕಂಪನಿಯ ಬಿಸ್ಲೆ ಮಾದರಿಯ ಹಿಂಪಟ್ಟಿಯನ್ನು (ಹಿಡಿಕೆಯ ಹಿಂಬದಿಯ ಲೋಹದ ಪಟ್ಟಿ) ಅದೇ ಕಂಪನಿಯ ಸಿಂಗಲ್ ಆ್ಯಕ್ಷನ್ ಆರ್ಮಿ ಮಾದರಿಯ ಟ್ರಿಗರ್ ಗಾರ್ಡ್‌ಗೆ ಬೆಸುಗೆ ಹಾಕಿ ಕೂಡಿಸಿ, ಎರಡರ ಬಾಗು ಒಂದೇ ಗೆರೆಯಲ್ಲಿ ಹರಿಯುವಂತೆ ಅರ ಹಾಕಬೇಕು. ಬೆಸುಗೆ ಕಡ್ಡಿಯ ಉಕ್ಕು ಮೂಲದ್ದಕ್ಕೆ ಹೊಂದದಿದ್ದರೆ ಹೊಳಪು ಕೊಡುವಾಗ ಏನೂ ಕಾಣದು. ಬ್ಲೂಯಿಂಗ್ (ಉಕ್ಕಿಗೆ ಕಡುನೀಲಿ ಲೇಪ ಕೊಡುವ ಕೆಲಸ) ಆದಮೇಲೆ ಬೇರೆ ಬಣ್ಣದ ಗೆರೆ ಎದ್ದು ನಿಲ್ಲುತ್ತದೆ. ಆಮೇಲೆ ಎಲ್ಲ ಮೊದಲಿನಿಂದ!

ಇನ್ನೊಂದು: ಬಟ್ಟೆಯ ಬಫಿಂಗ್ ಚಕ್ರ ಬೇಡ. ಸ್ಕ್ರೂ ತೂತಿನ ಅಂಚು ತಟ್ಟೆಯಂತೆ ತಗ್ಗುತ್ತದೆ, ಚೂಪು ಮೂಲೆಗಳು ದುಂಡಾಗುತ್ತವೆ. ಗಟ್ಟಿ ಪಟ್ಟಿಗೆ ಎಮೆರಿ ಕಾಗದ ಸುತ್ತಿ, ಸ್ಕ್ರೂಗಳನ್ನು ಅವುಗಳ ಜಾಗದಲ್ಲೇ ಬಿಟ್ಟು, 220, 320, 400 ನಂಬರಿನ ಕಾಗದ ಎಂದು ಒರಟಿನಿಂದ ನುಣುಪಿಗೆ ಕೈಯಲ್ಲೇ ಉಜ್ಜಬೇಕು. ಹಿಡಿಕೆಯ ದಂತವನ್ನೂ ಕೂದಲೆಳೆಯಷ್ಟು ಎತ್ತರ ಬಿಟ್ಟು, ಬ್ಲೂಯಿಂಗ್‌ಗೆ ಮೊದಲೇ ಲೋಹದ ಜೊತೆ ಸಮ ಮಾಡಬೇಕು.